ಮಂತ್ರಿ ಹೆಂಡತಿಯ ಮುಂಗಡ

ಸರಕಾರ ಬಿದ್ದರೆ ಅದು ಅಚ್ಚು ಹಾಕಿಸಿದ ನೋಟೂ ರದ್ದಿಯಾಗುವುದು ಆ ನಾಡಿನ ಕಾಯಿದೆ. ಖಾನಾವಳಿಯ ಗುರವ್ವ ಎಮ್ಮೆ ಕೊಳ್ಳಲೆಂದು ಮೂರು ವರ್ಷದಿಂದ ನೋಟು ಕೂಡಿಟ್ಟಿದ್ದಳು. ಮತದಾನಕ್ಕೆ ಎರಡು ದಿನ ಉಳಿದಿರುವಾಗ ಮಂತ್ರಿಯ ಹೆಂಡತಿ ಬಂದು, ಹತ್ತು ರೊಟ್ಟಿ ಕೊಂಡು, ನೋಟಿನ ಕಂತೆಯನ್ನೇ ಮುಂದಿಟ್ಟಳು.

"ಇಷ್ಟ್ಯಾಕ್ರೀ ಅಕ್ಕಾರ?"

"ಮುಂದಿನ ಐದು ವರ್ಷದ ರೊಟ್ಟಿಗೂ ಈಗ ಇಟ್ಕೋ ಗುರವ್ವ. ಗೆಲ್ಲೂದು ನಾವ."

"ಗೆಲ್ಲೂರಿಗೆ ಇಷ್ಟ್ಯಾಕ ಅವಸರ? ಒಂದು ಸೇರು ಜೋಳ ಅಳದು ಕೊಡ್ರಿ, ಸಾಕು." ಗುರವ್ವ ಕಂತೆಯನ್ನು ಹಿಂದಕ್ಕೆ ತಳ್ಳಿದಳು.

ಆಕೆ ಹೋದದ್ದೇ ತಡ, ಒಲೆ ಆರಿಸಿ, ಕೂಡಿಟ್ಟ ನೋಟನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ದನದ ಸಂತೆಗೆ ಓಡಿದಳು. ಅಲ್ಲಿ ಒಂದು ಎಮ್ಮೆಯೂ ಉಳಿದಿರಲಿಲ್ಲ.

"ತಡಾ ಮಾಡಿದಿ ಯವ್ವಾ," ಎಂದ ದಲ್ಲಾಳಿ. "ಮುಂಜಾನೇನ ಮಂತ್ರಿ ಸಾಹೇಬ್ರು ಎಲ್ಲಾ ಕೊಂಡು ಹೊಡ್ಕೊಂಡು ಹೋದ್ರು. ರೇಟು ಸೈತ ಕೇಳಲಿಲ್ಲ."