ಸ್ವಾಗತದ ಉಡುಪು

ಹೆಂಗಸರಿಗೆ ಕಡ್ಡಾಯ ಮಾಡಿದ್ದ ಕೀರಾ ಉಡುಪು ಬಿಟ್ಟು ಸೀರೆಯುಟ್ಟು ಪೇಟೆಗೆ ಹೋದದ್ದಕ್ಕೆ ಭೂತಾನ್‌ನಲ್ಲಿ ಧನಮಾಯಾಳ ತಾಯಿಗೆ ದಂಡ ಹಾಕಿದರು. ಮರುವರ್ಷ, ನೇಪಾಳಿ ಮಾತಿನವರೆಂದು ಮನೆಮಂದಿಯನ್ನೆಲ್ಲ ದೇಶದಿಂದಲೇ ಹೊರಗೆ ಹಾಕಿದರು.

ಈಗ ಡಚ್ ನಗರ ಯುಟ್ರೆಕ್ಟ್‌ನ ಬಾಡಿಗೆ ಸಭಾಂಗಣವೊಂದರಲ್ಲಿ ಅಂಥದೇ ಒಂದು ಕೀರಾ ಧನಮಾಯಾಳೆದುರು ಮೇಜಿನ ಮೇಲಿತ್ತು. 'ನಿಧಾನವಾಗಿ ಭೂತಾನ್' ಎಂಬ ತನ್ನ ಮೊದಲ ಸಂಸ್ಕೃತಿ ಪ್ರವಾಸಕ್ಕೆ ಜನ ಕೂಡಿಸಲು ಬಸವಪ್ರಸಾದ ಅದನ್ನು ತರಿಸಿದ್ದ. ಅವನ ಹೆಂಡತಿ ಸ್ಮಿತಾ, ಬಂದವರನ್ನು ಬಾಗಿಲಲ್ಲಿ ಸ್ವಾಗತಿಸಲಿದ್ದ ಡಚ್ ಕ್ಲಾಸಿನ ತನ್ನ ಈ ಗೆಳತಿಗೆ ಅದನ್ನು ಉಡಿಸಲು ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ನಿಂತಿದ್ದಳು.

ಧನಮಾಯಾ ಬಟ್ಟೆ ಮುಟ್ಟಲಿಲ್ಲ. "ಇದನ್ನು ಉಡಲಿಲ್ಲ ಅಂತಲೇ ನಮ್ಮಮ್ಮನಿಗೆ ದಂಡ ಹಾಕಿದ್ದು," ಎಂದು ಹಿಂದಿಯಲ್ಲಿ ಹೇಳಿದಳು. "ಸೀರೆಯಲ್ಲೇ ಬಾಗಿಲಲ್ಲಿ ನಿಲ್ತೀನಿ. ಯಾಕೆ ಅಂತ ಕೇಳಿದವರಿಗೆ ಎಲ್ಲ ಹೇಳ್ತೀನಿ."

"ಎಲ್ಲಾ ಹೇಳಿದ್ರ ಟಿಕೆಟ್ ಯಾರು ತಗೋತಾರ?" ಬಸವಪ್ರಸಾದ ಹೆಂಡತಿಯತ್ತ ತಿರುಗಿ ಕನ್ನಡದಲ್ಲಿ ಗೊಣಗಿದ. ಮೆಟ್ಟಿಲ ಮೇಲೆ ಆಗಲೇ ಜನರ ಮಾತು ಕೇಳುತ್ತಿತ್ತು. "ಹೋಗ್ಲಿ, ನೀನ ಉಟ್ಕೋ. ಇಲ್ಲಿ ಮಂದಿಗೆ ಏನ್ ಗೊತ್ತಾಗ್ತದ? ನೀ 'ಬರ್ರಿ, ಕೂಡ್ರಿ' ಅಂದ್ರೂ ಅದನ್ನ ಭೂತಾನದ ಭಾಷಾ ಅನ್ಕೋತಾರ."

ಸ್ಮಿತಾ ತುಟಿಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅವನ ಅಂಗೈಯಲ್ಲಿಟ್ಟಳು. ಆಮೇಲೆ ಧನಮಾಯಾಳ ಸೀರೆಯ ನೆರಿಗೆಯನ್ನು ಬಗ್ಗಿ ಸರಿಮಾಡಿದಳು.

"ನಾ ಉಡೂದಿಲ್ರಿ," ಎಂದಳು. "ಬಾಗಲದಾಗ ಅಕಿನ ನಿಂದ್ರತಾಳ, ಸೀರಿಯೊಳಗನ. ಅಕಿ ಬಾಜೂಕ ನಾನೂ ನಿಂದ್ರತೀನಿ."