ಗೆದ್ದಾಕಿಯ ಕುರ್ಚಿ

ಉತ್ತರ ಕರ್ನಾಟಕದ ಒಂದು ಸಣ್ಣ ಪಟ್ಟಣ... ಹೆಸರು ಬೇಡ ಬಿಡಿ, ಇಂಥ ಊರು ನಿಮ್ಮ ಪಕ್ಕದಲ್ಲೂ ಇರಬಹುದು.

ಅಲ್ಲಿನ ಪುರಸಭೆಗೆ ದಾಕ್ಷಾಯಣಿ ಎಂಬುವರು ಅಧ್ಯಕ್ಷೆಯಾದರು. ಮನಸ್ಸಿನಲ್ಲಿದ್ದುದನ್ನು ಯಾರ ಮುಖವನ್ನೂ ನೋಡದೆ ಹೇಳಿಬಿಡುವ ಸ್ವಭಾವ.

ಊರಿನವರು ಅದಕ್ಕೆ "ಬಾಯಿ ಜೋರು" ಎಂದು ಹೆಸರಿಟ್ಟಿದ್ದರು. ಗಂಡಸು ಹಾಗೆ ಮಾತಾಡಿದ್ದರೆ "ನೇರ ನುಡಿ" ಎನ್ನುತ್ತಿದ್ದರೋ ಏನೋ...

ಮೊದಲ ಸಭೆ. ಗೆದ್ದ ಹೆಂಗಸರೆಲ್ಲ ಹಿಂದಿನ ಬೆಂಚಿನಲ್ಲಿ... ಅವರ ಗಂಡಂದಿರು ಮುಂದಿನ ಕುರ್ಚಿಗಳಲ್ಲಿ! ಅದು ಆ ಊರಿನ ಹಳೆಯ ರೂಢಿ.

ದಾಕ್ಷಾಯಣಿ ಮೊದಲು ಎಬ್ಬಿಸಿದ್ದು ತಮ್ಮ ಸ್ವಂತ ಗಂಡನನ್ನೇ.

"ಗೆದ್ದಾಕಿ ಈ ಕುರ್ಚಿ ಮ್ಯಾಲೆ ಕುಂದರಬೇಕು. ಗೆದ್ದಾಕಿ ಗಂಡ ಅಲ್ಲ. ಎಲ್ಲಾ ಯಜಮಾನ್ರೂ ಹೊರಗ ನಡೀರಿ!"

ಅವರ ಗಂಡ ನಗುತ್ತಾ ಎದ್ದು ಎದುರಿನ ಚಹಾದಂಗಡಿಗೆ ಹೋದರು. ಉಳಿದವರು ನಗಲಿಲ್ಲ.

ಅದರಲ್ಲೂ ನಿಂಗಪ್ಪ... ಗೆದ್ದವಳು ಹೆಂಡತಿ ಫಕೀರವ್ವ, ಆದರೆ ಊರೆಲ್ಲ "ಮೆಂಬರ್ ಸಾಹೇಬ್ರು" ಅನ್ನಿಸಿಕೊಂಡು ಮೆರೆಯುತ್ತಿದ್ದವನು ಅವನು.

ಗಂಡ ಬಿಟ್ಟುಹೋದ ಕುರ್ಚಿಯಲ್ಲಿ ಕೂತ ಫಕೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

"ಪಾಪ, ಆ ಹೆಣ್ಮಗಳನ್ನ ಅಂಜಿಸಿ ಅಳಿಸಿಬಿಟ್ಳು" ಎಂದು ಊರು ಆಡಿಕೊಂಡಿತು. ದಾಕ್ಷಾಯಣಿಗೂ ಒಳಗೊಳಗೇ ಆ ಕೊರಗು ಉಳಿಯಿತು.

ಕೆಲವು ತಿಂಗಳಲ್ಲೇ ಅವರನ್ನು ಇಳಿಸಲು ನಿಂಗಪ್ಪನ ಗುಂಪಿನಿಂದ ಅವಿಶ್ವಾಸ ಠರಾವು ಬಂತು.

ಮತದಾನಕ್ಕೆ ಮುಂಚೆ ಯಾರೂ ಕೈ ತಪ್ಪಬಾರದೆಂದು ಎಲ್ಲರನ್ನೂ ರೆಸಾರ್ಟಿಗೆ ಕರೆದೊಯ್ದರು. ಎಲ್ಲರೂ ಅಂದರೆ... ಗಂಡಸು ಸದಸ್ಯರು, ಮತ್ತು ಹೆಂಗಸು ಸದಸ್ಯರ ಗಂಡಂದಿರು!

ಬರುವ ದಾರಿಯಲ್ಲಿ ದೇವಿಯ ಗುಡಿ ಮುಂದೆ ಟೆಂಪೋ ನಿಂತಿತು. ಒಬ್ಬೊಬ್ಬರಾಗಿ ಭಂಡಾರ, ಅಂದರೆ ದೇವಿಗೆ ಏರಿಸಿದ ಅರಿಶಿನಪುಡಿ ಮುಟ್ಟಿ, ಠರಾವಿನ ಪರ ಕೈ ಎತ್ತುವುದಾಗಿ ಆಣೆ ಮಾಡಿದರು. ಆ ಸೀಮೆಯಲ್ಲಿ ಭಂಡಾರದ ಆಣೆ ಮುರಿಯುವ ಧೈರ್ಯ ಯಾರಿಗೂ ಇಲ್ಲ.

ಸಭೆಯ ದಿನ ಬೆಳಿಗ್ಗೆ ನಿಂಗಪ್ಪ ಅಧ್ಯಕ್ಷರ ಕೋಣೆಗೆ ಬಂದ.

"ಅಕ್ಕಾರ, ಒಂದ ಮಾತು ಹೇಳ್ರಿ ಸಾಕು. ಯಜಮಾನ್ರೂ ಸಭಾದಾಗ ಕುಂದರ್ಲಿ ಅಂತ. ಠರಾವು ಈಗಿಂದೀಗ ವಾಪಸ್!"

ದಾಕ್ಷಾಯಣಿ ಮುಂದಿದ್ದ ಕಡತ ಮುಚ್ಚಿಟ್ಟರು.

"ನಿಂಗಪ್ಪಾ, ನನ್ನ ಇಳಸ್ರಿ. ನಾ ಮನಿಗೆ ಹೋಗ್ತೇನಿ. ಆದ್ರ ಆ ಮಾತು ಮಾತ್ರ ನನ್ನ ಬಾಯಾಗ ಬರಂಗಿಲ್ಲ."

"ಹಂಗಾರ ನಿಮ್ಮ ಕುರ್ಚಿ ಹೋತು ಅಂತ ತಿಳಕೋರಿ," ಎಂದು ಅವನು ಬಾಗಿಲು ಬಡಿದು ಹೋದ.

ಸಭೆ ಶುರುವಾಯಿತು. ಸದಸ್ಯರಲ್ಲದವರನ್ನು, ಮತದಾನ ನಡೆಸಲು ಬಂದಿದ್ದ ಅಧಿಕಾರಿ ಹೊರಗೆ ಕಳಿಸಿದರು. ಗಂಡಂದಿರೆಲ್ಲ ಕಿಟಕಿಯ ಸರಳು ಹಿಡಿದು ನಿಂತರು.

"ಠರಾವಿನ ಪರ ಇರುವವರು ಕೈ ಎತ್ತಿ."

ಗಂಡಸು ಸದಸ್ಯರ ಕೈಗಳು ತಟ್ಟನೆ ಮೇಲೆದ್ದವು... ಆಮೇಲೆ ಕಿಟಕಿ ಕಡೆ ನೋಡುತ್ತಾ, ಅಳುಕುತ್ತಾ, ಒಂದೊಂದೇ ಬಳೆಯ ಕೈಗಳು.

ಫಕೀರವ್ವನ ಕೈ ಮಾತ್ರ ಮಡಿಲಲ್ಲೇ ಇತ್ತು.

ಕಿಟಕಿಯಾಚೆ ನಿಂಗಪ್ಪ ತನ್ನ ಕೈಯನ್ನೇ ಎತ್ತಿ ಎತ್ತಿ ಸನ್ನೆ ಮಾಡಿದ. ಅವಳು ಬೆವರುತ್ತಿದ್ದಳು.

"ಏನಮ್ಮಾ, ಎತ್ತುತ್ತೀರೋ ಇಲ್ಲವೋ?" ಅಧಿಕಾರಿ ಕೇಳಿದರು.

ಫಕೀರವ್ವ ಎದ್ದು ನಿಂತಳು. "ಇಲ್ಲರೀ ಸಾಹೇಬ್ರ."

"ಏ! ಭಂಡಾರ ಮುಟ್ಟಿ ಆಣಿ ಆಗೇತಿ! ದೇವಿ ಸುಮ್ಮನ ಬಿಡಂಗಿಲ್ಲ ನಿನ್ನ!" ನಿಂಗಪ್ಪ ಕಿಟಕಿಯಿಂದಲೇ ಕಿರುಚಿದ.

ಅವಳು ಮೊದಲ ಸಲ ಎಲ್ಲರ ಎದುರು ಗಂಡನ ಕಡೆ ತಿರುಗಿದಳು.

"ಆಣಿ ಮಾಡಿದವ್ರು ನೀವು. ನನ್ನ ಗುಡಿಗೆ ಯಾರು ಕರಕೊಂಡು ಹೋಗಿದ್ರು? ನಾ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದೆ. ನೀವು ಕೊಟ್ಟ ಮಾತಿಗೆ ನನ್ನ ಕೈ ಯಾಕ ಎತ್ತಲಿ?"

ಅಧಿಕಾರಿ ಎದ್ದ ಕೈಗಳನ್ನು ಎಣಿಸತೊಡಗಿದರು.

ಪಕ್ಕದಲ್ಲಿ ಎದ್ದಿದ್ದ ಒಂದು ಬಳೆಯ ಕೈ ಮೆಲ್ಲಗೆ ಕೆಳಗಿಳಿಯಿತು... ಇನ್ನೊಂದು... ಮತ್ತೊಂದು... ಅವರೂ ಗುಡಿಯ ಮೆಟ್ಟಿಲು ಹತ್ತಿದವರಲ್ಲ!

ಹೆಂಡತಿಯರ ಕುರ್ಚಿಯಲ್ಲಿ ಕೂತು ಕೂತು, ಆಣೆಯನ್ನೂ ತಾವೇ ಮಾಡಿ ಬಂದಿದ್ದ ಜಾಣರು ಕಿಟಕಿಯಲ್ಲಿ ಮಿಕಿಮಿಕಿ ನೋಡುತ್ತಾ ನಿಂತರು. ಬೇಕಾದಷ್ಟು ಕೈಗಳಿಲ್ಲದೆ ಠರಾವು ಬಿದ್ದುಹೋಯಿತು.

ದಾಕ್ಷಾಯಣಿ ಎದ್ದು ಬಂದು ಫಕೀರವ್ವನ ಕೈ ಹಿಡಿದರು.

"ತಂಗಿ, ಆವತ್ತು ಎಲ್ಲಾರ ಮುಂದ ನಿನ್ನ ಅಳಿಸಿದೆ... ನನ್ನ ಮ್ಯಾಲೆ ಸಿಟ್ಟಿರಬೇಕು ಅಂದ್ಕೊಂಡಿದ್ದೆ."

ಫಕೀರವ್ವ ತಲೆ ಅಲ್ಲಾಡಿಸಿದಳು.

"ಅಂಜಿ ಅತ್ತಿದ್ದಲ್ಲ ಅಕ್ಕಾರ... ಹುಟ್ಟಿದಾಗಿಂದ ನನಗ ಅಂತ ಯಾರೂ ಒಂದು ಕುರ್ಚಿ ಖಾಲಿ ಮಾಡಿಸಿದ್ದಿಲ್ಲ. ಅದಕ್ಕ ಅಳು ಬಂತು."

ಯಾರಿಗೂ ಬಗ್ಗದ, ಬಾಯಿ ಜೋರಿನ ಆ ಅಧ್ಯಕ್ಷೆ ಅಂದು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಎದುರಿನ ಚಹಾದಂಗಡಿಯಲ್ಲಿ ದಾಕ್ಷಾಯಣಿಯ ಗಂಡ ಬೆಂಚಿನ ಮೇಲೆ ಸರಿದು, ಮುಖ ಇಳಿಬಿಟ್ಟು ಬಂದ ನಿಂಗಪ್ಪನಿಗೆ ಜಾಗ ಮಾಡಿಕೊಟ್ಟರು.

"ಬರ್ರಿ ನಿಂಗಪ್ಪನೋರ, ಚಾ ಕುಡೀರಿ. ಮೊದಲ ಮೊದಲ ಕಷ್ಟ ಆಕ್ಕತಿ... ಆಮ್ಯಾಲೆ ರೂಢಿ ಆಕ್ಕತಿ."

ಒಬ್ಬರ ಪರವಾಗಿ ನಾವು ಎಷ್ಟು ಮಾತಾಡಿದರೂ, ಅದು ಅವರ ಮಾತಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರ ಕುರ್ಚಿಯಲ್ಲಿ ಯಾರು ಕೂತಿದ್ದಾರೆ... ಒಮ್ಮೆಯಾದರೂ ಎದ್ದು ನೋಡಿದ್ದೀರಾ?