ಮೂರು ಉಸಿರು

"ನೀವಂದ್ರೆ ನಂಗೆ..." ಎಂದ ನಾಟಕದ ನಾಯಕ, ಅಲ್ಲಿಗೇ ತಡವರಿಸಿ ನಿಂತ. ರಿಹರ್ಸಲ್ ಮುಗಿದು ಉಳಿದವರೆಲ್ಲ ಟೀ ಕುಡಿಯಲು ಹೋಗಿದ್ದರು. ವೇಷಭೂಷಣದ ಕೋಣೆಯಲ್ಲಿ ಅವನೂ ಪ್ರಾಂಪ್ಟ್ ಮಾಡುವವಳೂ ಇಬ್ಬರೇ, ಅವರಿಗೆ ತಿಳಿದ ಮಟ್ಟಿಗೆ. ನಟ ಮೂರು ಉಸಿರಿನಷ್ಟು ಹೊತ್ತು ಸುಮ್ಮನಾದರೆ ಪರದೆಯ ಮರೆಯಿಂದ ಮುಂದಿನ ಮಾತನ್ನು ಪಿಸುಗುಟ್ಟಬೇಕು. ಆರು ವರ್ಷದಿಂದ ಅವಳ ಕೆಲಸವೇ ಅದು. "ಸುಮ್ನಿರಿ, ನಂಗೊತ್ತು" ಎಂದು ಸಿಡುಕುವ ನಟರೂ ಉಂಟು. ಸಿಡುಕಿ, ಬಾಯಿ ತೆರೆದುಕೊಂಡೇ ನಿಂತಿರುತ್ತಾರೆ.

ಒಂದು, ಎರಡು, ಮೂರು. "ಪ್ರಾಣ," ಎಂದಳು, ತುಟಿ ಅಲುಗದಂತೆ.

"ನೀವಂದ್ರೆ ನಂಗೆ ಪ್ರಾಣ!" ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಬೇಕು, ಹಾಗೆ ಹೇಳಿದ. "ನೀವಿಲ್ಲದ ಈ ಬದುಕು..."

"ಬರಡು."

"ಬರಡು!"

ಅವಳಿಗೆ ಆಗ ಹೊಳೆಯಿತು. ಇವು ಮೊದಲನೇ ಅಂಕದ ಮಾತುಗಳು! ಆ ನಾಟಕದಲ್ಲಿದ್ದದ್ದು ಎರಡು ಪ್ರೀತಿ. ಸಾಹುಕಾರನ ಮಗ ಹುಡುಗಿಯ ಕಿಟಕಿಯ ಕೆಳಗೆ ನಿಂತು ಒಂದೂವರೆ ಪುಟ ನಿಟ್ಟುಸಿರು ಬಿಡುತ್ತಾನೆ. ಅದೇ ಮನೆಯ ಅಡುಗೆಯವಳೂ ಗಾಡಿ ಹೊಡೆಯುವವನೂ ಎರಡು ಅಂಕ ಹಾವು ಮುಂಗುಸಿಯಂತೆ ಕಿತ್ತಾಡಿ ಮೂರನೆಯದರಲ್ಲಿ ಮದುವೆಯಾಗುತ್ತಾರೆ. ಇವನದು ಸಾಹುಕಾರನ ಮಗನ ಪಾತ್ರ. ಕಿಟಕಿಯ ಮಾತು ಹೇಳುವಾಗಲೆಲ್ಲ ಅವನ ಕಣ್ಣು ಹೀರೋಯಿನ್ ಕಡೆ ಇರದೆ, ಪುಸ್ತಕ ಹಿಡಿದು ಕೂತ ಇವಳ ಕಡೆ ಹೊರಳುತ್ತಿತ್ತು. ಅದು ಪ್ರೀತಿಯೋ, ಬರೀ ಮರೆವೋ? ಮೂರು ವಾರದಿಂದ ಇದೇ ಯೋಚನೆಯಲ್ಲಿ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಈಗ ಕೇಳಬೇಕೆಂದಿದ್ದ ಮಾತನ್ನು ಕಿವಿಯಾರೆ ಕೇಳಿದ್ದಾಯಿತು. ಆದರೆ ಹೇಳಿದವರು ಯಾರು? ತಾನೇ ಬಡಿಸಿಕೊಂಡು ತಾನೇ ಉಂಡಂತಾಯಿತಲ್ಲ!

"ಇನ್ನೊಂದ್ಸಲ ಹೇಳಿ," ಎಂದಳು. "ಈ ಸಲ ನಾನು ಬಾಯಿ ಬಿಡಲ್ಲ."

ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಮೂರು ಉಸಿರಾಯಿತು, ಆರಾಯಿತು, ಹತ್ತಾಯಿತು. ಬೆಳದಿಂಗಳು, ನಕ್ಷತ್ರ, ಜನ್ಮಜನ್ಮಾಂತರ ಎಲ್ಲವೂ ನಾಲಿಗೆಯ ತುದಿಗೆ ಬಂದು ಕುಣಿದವು, ಒಂದೊಂದನ್ನೇ ನುಂಗಿದಳು. ಅವನ ಹಣೆಯಲ್ಲಿ ಬೆವರು ಮೂಡಿತು. ಪಾಪ ಅನ್ನಿಸಿತು, ಸಿಟ್ಟೂ ಬಂತು.

"ನಿಮ್ಮ ಚಪ್ಪಲಿ," ಎಂದ ಕೊನೆಗೆ, ತೀರ ಸಣ್ಣ ದನಿಯಲ್ಲಿ.

"ಏನು?"

"ಉಂಗುಷ್ಟ ಕಿತ್ತೋಗಿದೆ. ಪಿನ್ನು ಚುಚ್ಕೊಂಡು ಮೂರು ವಾರದಿಂದ ಹಾಗೇ ಓಡಾಡ್ತಿದೀರಿ. ಕಾಲಿಗೆಲ್ಲಿ ಚುಚ್ಚುತ್ತೋ ಅಂತ ಈ ಕಡೆ ನೋಡ್ತೀನಿ, ಅಷ್ಟರಲ್ಲಿ ನನ್ನ ಮಾತು ಮರ್ತೇ ಹೋಗುತ್ತೆ. ಒಂದು ಹೊಲಿಗೆ ಹಾಕಿಸ್ಕೊಳೋಕೆ ಏನ್ರೀ ಕಷ್ಟ ನಿಮಗೆ? ಬುದ್ಧಿ ಬೇಡ್ವಾ?"

ಅವಳು ಅಭ್ಯಾಸಬಲದಿಂದ ಪುಸ್ತಕ ತಿರುವಿದಳು. ಸಾಹುಕಾರನ ಮಗನ ಪುಟಗಳಲ್ಲಿ ಚಪ್ಪಲಿ ಎಲ್ಲಿಂದ ಬರಬೇಕು? ಅಡುಗೆಮನೆಯ ಜಗಳದಲ್ಲಿ ಹುಡುಕಿದಳು, ಅಲ್ಲೂ ಇಲ್ಲ. ಹಾಗಾದರೆ ಈ ಮಾತು ಅವನದೇ. ಖುಷಿಯಾಯಿತು. ಮರುಕ್ಷಣವೇ ತಲೆ ಕೆಟ್ಟಿತು. ಇದು ಪ್ರೀತಿಯೋ ಬೈಗುಳವೋ? ಚಪ್ಪಲಿ ಹೊಲಿಸಿಬಿಟ್ಟರೆ ಈ ಕಡೆ ನೋಡುವುದೂ ನಿಂತುಹೋಗುತ್ತದೆಯೋ?

"ಏನಾದ್ರೂ ಹೇಳಿ," ಎಂದ ಅವನು.

ಅವಳು ಬಾಯಿ ತೆರೆದಳು. ಒಂದು ಉಸಿರು. ಎರಡು. ಮೂರು.

ನೇತುಹಾಕಿದ್ದ ನಿಲುವಂಗಿಗಳ ಹಿಂದೆ ಕೂತು ಗುಂಡಿ ಹೊಲಿಯುತ್ತಿದ್ದ ಮುದಿ ಟೈಲರ್‌ಗೆ ಇನ್ನು ತಡೆಯಲಾಗಲಿಲ್ಲ.

"ಹೂಂ ಅನ್ನು ತಾಯಿ," ಎಂದು ಪಿಸುಗುಟ್ಟಿದ.

"ಸುಮ್ನಿರಿ, ನಂಗೊತ್ತು," ಎಂದು ಅವಳು ಸಿಡುಕಿದಳು. ಸಿಡುಕಿ, ಬಾಯಿ ತೆರೆದುಕೊಂಡೇ ನಿಂತಳು.